ಸ್ಕಾರ್‌ವಿಕ್ ಹಡಗಿನ ಲಾಜರ್ ಸತ್ತ ಚಳಿಗಾಲ

ಕಳೆದ ವರ್ಷ ತಮ್ಮನ ಮಗುವಿನ ಜ್ಞಾನಸ್ನಾನಕ್ಕೆಂದು ದುಬೈಗೆ ಹೋಗಿದ್ದೆ. ಅಲ್ ಮುರಕ್ಕಬಾತ್‌ನ ಒಂದು ದೊಡ್ಡ ಅಂಗಡಿಯಲ್ಲಿ ವಿದೇಶಿ ಸೋಪುಗಳ ಸಾಲಿನಲ್ಲಿ ಒಂದು ಕಪ್ಪು ಸೋಪಿತ್ತು. ಏನೆಂದು ನೋಡಲು ಮೂಗಿನ ಹತ್ತಿರ ತಂದೆ. ಡಾಂಬರಿನ ವಾಸನೆ. ಹೊಸ ರಸ್ತೆಯದಲ್ಲ, ದಡಕ್ಕೆ ಎಳೆದಿಟ್ಟ ಹಳೆಯ ದೋಣಿ ಬಿಸಿಲಿಗೆ ಕಾದಾಗ ಬರುತ್ತದಲ್ಲ, ಅಂಥದ್ದು. ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಸೋಪನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದೆ. ತಮ್ಮನ ಹೆಂಡತಿ "ಎಂತಾಯ್ತು ಅಕ್ಕ?" ಎಂದು ಕೇಳಿದಳು. ಒಳಗೆ ಎಸಿ ಜಾಸ್ತಿ ಎಂದೆ.

ಅದು ಎರಡು ಸಾವಿರದ ಹದಿಮೂರರ ಕೊನೆಯಲ್ಲಿ ಶುರುವಾದ ಚಳಿಗಾಲ. ನನ್ನ ಗಂಡ ವಿಲ್ಫಿ ದುಬೈಯ ದೇರಾದಲ್ಲಿ ಒಂದು ಹೋಟೆಲಿನ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ನಾನು ಮಂಗಳೂರಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು, ಅಲ್ಲಿಗೆ ಹೋಗಿ ಲೈಸೆನ್ಸಿನ ಪರೀಕ್ಷೆಗೆ ಕಾಯುತ್ತಾ ಮನೆಯಲ್ಲಿ ಕೂತಿದ್ದೆ. ಮನೆ ಎಂದರೆ ದೇರಾದ ಒಂದು ಫ್ಲಾಟಿನ ಅರ್ಧ. ಒಂದು ಕೋಣೆ ನಮಗೆ, ಇನ್ನೊಂದು ಕುಂದಾಪುರದ ಒಂದು ಸಂಸಾರಕ್ಕೆ, ಅಡುಗೆಮನೆಗೆ ಸರದಿ. ಆ ಒಂದು ಕೋಣೆಗೆ ವಿಸಿಟ್ ವೀಸಾದಲ್ಲಿ ಬಂದಿಳಿದರು ನನ್ನ ಅತ್ತೆ ಸಿಸಿಲಿಯಾ. ನಾವು ಕೊಂಕಣಿ ಕ್ರಿಸ್ತರು, ಅತ್ತೆಯನ್ನು ಮಾಂಯ್ ಎಂದು ಕರೆಯುತ್ತೇವೆ. ಮನೆಯಲ್ಲಿ ಆಡಿದ್ದೆಲ್ಲ ಕೊಂಕಣಿಯಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾಂಯ್‌ಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮೀನುಸಾರಿಗೆ ಒಂದು ಹನಿ ಹುಳಿ ಹೆಚ್ಚಾದರೆ ನನ್ನ ತಾಯಿಯಿಂದ ಹಿಡಿದು ಅಜ್ಜಿಯ ತನಕ ಎಲ್ಲರನ್ನೂ ಮೇಜಿಗೆ ಕರೆಯುತ್ತಿದ್ದರು. ಎಪ್ಪತ್ತು ದಾಟಿದ್ದರೂ ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಮಗನನ್ನು ನೋಡಲು ಬಂದೆ ಎಂದು ಹೇಳುತ್ತಿದ್ದರು, ಆದರೆ ಮಗ ಎದುರು ಕೂತರೆ ಐದು ನಿಮಿಷಕ್ಕೇ ಬೇಜಾರು. ಅವರಿಗೆ ಬೇಕಾದದ್ದು ರೊಟ್ಟಿ ಅಂಗಡಿ. ದೇರಾದ ಸಂದಿಗೊಂದಿಗಳಲ್ಲಿ ಇರಾನಿಗಳ ರೊಟ್ಟಿ ಅಂಗಡಿಗಳಿವೆಯಲ್ಲ, ಗೋಡೆಯ ಒಲೆಗೆ ಕೈ ತೂರಿಸಿ ಬಿಸಿ ರೊಟ್ಟಿ ತೆಗೆಯುವಂಥವು, ಅವುಗಳ ಮುಂದೆ ಹೋಗಿ ನಿಲ್ಲುವುದು. ರೊಟ್ಟಿ ಕೊಳ್ಳುತ್ತಿರಲಿಲ್ಲ. ಒಳಗೆ ವಯಸ್ಸಾದವರು ಯಾರಾದರೂ ಇದ್ದರೆ ಅವರ ಮುಖವನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಸಿಟ್ಟಾಗಿ "ಯಲ್ಲಾ, ಯಲ್ಲಾ" ಎಂದು ಕೈಬೀಸಿ ಓಡಿಸಿದ. ನನಗೆ ನಾಚಿಕೆಯಾಗಿ ಮನೆಗೆ ಬಂದು ಜಗಳ ತೆಗೆದೆ.

"ಮೂಗು ನೋಡ್ತಿದ್ದೆ," ಎಂದರು ಮಾಂಯ್. "ಅಪ್ಪನ ಮೂಗು ನನ್ನ ಹಾಗೇ ಅಂತ ಅಮ್ಮ ಹೇಳ್ತಿದ್ದಳು. ಅವನ ಮಕ್ಕಳು ಇದ್ರೆ ಅವರದ್ದೂ ಹಾಗೇ ಇರ್ಬೇಕಲ್ಲ."

ಅವರ ತಂದೆ ಲಾಜರ್‌ನ ಕಥೆ ನನಗೆ ಮದುವೆಯಾದ ಮೊದಲ ವಾರದಲ್ಲೇ ಊರಿನವರ ಬಾಯಿಂದ ಗೊತ್ತಾಗಿತ್ತು. ಲಾಜರ್ ಮುಂಬಯಿಯಲ್ಲಿ ಬೇಕರಿ ಕೆಲಸಕ್ಕಿದ್ದವನು. ಎರಡನೇ ಮಹಾಯುದ್ಧದ ಕಾಲ. ನಾರ್ವೆ ದೇಶವನ್ನು ಜರ್ಮನರು ಹಿಡಿದುಕೊಂಡಿದ್ದರು. ಅಲ್ಲಿಯ ಸರಕು ಹಡಗುಗಳು ಊರಿಗೆ ಮರಳಲಾಗದೆ ಇಂಗ್ಲಿಷರ ಪರವಾಗಿ ಸಮುದ್ರ ಸುತ್ತುತ್ತಿದ್ದವು. ಅವುಗಳಲ್ಲಿ ಸ್ಕಾರ್‌ವಿಕ್ ಎಂಬುದು ಎಣ್ಣೆ ಹಡಗು. ಇರಾನಿನ ಅಬಾದಾನಿನಲ್ಲಿ ಪೆಟ್ರೋಲು ತುಂಬಿಸಿಕೊಂಡು ಮುಂಬಯಿಗೂ ಆಫ್ರಿಕಾದ ಬಂದರುಗಳಿಗೂ ಒಯ್ಯುತ್ತಿತ್ತು. ಅದರ ಅಡುಗೆಮನೆಗೆ ಜನ ಕಡಿಮೆಯಾದಾಗ ಮುಂಬಯಿಯಲ್ಲಿ ಹತ್ತಿಸಿಕೊಂಡ ನಾಲ್ಕಾರು ಮಂದಿಯಲ್ಲಿ ಲಾಜರ್ ಒಬ್ಬ, ಬ್ರೆಡ್ಡು ಮಾಡುವ ಕೆಲಸಕ್ಕೆ. ಊರಿನಲ್ಲಿ ಹೆಂಡತಿ ನತಾಲಿಯಾ ಬಸುರಿ. ಮಳೆಗಾಲದಲ್ಲಿ ಒಮಾನಿನ ಆಚೆಗಿನ ಸಮುದ್ರದಲ್ಲಿ ಜಪಾನಿಗಳ ಸಬ್‌ಮರೀನು ಟಾರ್ಪೆಡೋ ಹೊಡೆದು ಆ ಹಡಗನ್ನು ಮುಳುಗಿಸಿತು. ಮುಂಬಯಿಯಿಂದ ಒಬ್ಬ ಬಂದು, ಹಡಗು ಹೋಯಿತು, ಕೆಲವರು ದೋಣಿಯಲ್ಲಿ ಪಾರಾದರಂತೆ, ಲಾಜರ್ ಏನಾದನೋ ಗೊತ್ತಿಲ್ಲ ಎಂದು ಹೇಳಿ, ಚಹಾ ಕುಡಿದು ಹೋದ.

ಗೊತ್ತಿಲ್ಲ ಎಂಬ ಆ ಮಾತೇ ನತಾಲಿಯಾಳ ಕುತ್ತಿಗೆಗೆ ಬಿತ್ತು. ಯುದ್ಧ ಮುಗಿದ ಮೇಲೆ ಪಕ್ಕದ ಮನೆಯ ಫ್ಲೇವಿಬಾಯಿಯ ಗಂಡ, ಅವನೂ ಹಡಗಿನವನೇ, ರಜೆಗೆ ಬಂದಾಗ "ಲಾಜರನ ಹಾಗೇ ಇದ್ದ ಒಬ್ಬನನ್ನು ಬಸ್ರಾದಲ್ಲಿ ನೋಡಿದೆ, ರೊಟ್ಟಿ ಅಂಗಡಿ ಇಟ್ಟಿದ್ದ" ಎಂದನಂತೆ. ಆಗಿನ್ನೂ ಹರೆಯದ ಸೊಸೆಯಾಗಿದ್ದ ಫ್ಲೇವಿಬಾಯಿ "ಹಾಗೇ ಇದ್ದ" ಎಂಬುದನ್ನು ತಾನಿಟ್ಟುಕೊಂಡು ಉಳಿದದ್ದನ್ನು ಊರಿಗೆ ಹಂಚಿದಳು. ವಾರದೊಳಗೆ ಬಸ್ರಾದ ಅಂಗಡಿಗೆ ಒಬ್ಬ ಅರಬಿ ಹೆಂಡತಿ ಬಂದು ಸೇರಿದಳು. ಮುಂದಿನ ಮಳೆಗಾಲಕ್ಕೆ ಮೂರು ಮಕ್ಕಳೂ ಆದವು.

ನಿಶ್ಚಯವಾದ ಸುದ್ದಿ ಇಲ್ಲದೆ ಮರಣದ ಗಂಟೆ ಹೊಡೆಯಲಾಗುವುದಿಲ್ಲ, ಸತ್ತವರ ಪೂಜೆಯನ್ನೂ ಇಡಲಾಗುವುದಿಲ್ಲ ಎಂದರು ಇಗರ್ಜಿಯ ಪಾದ್ರಿ. ನತಾಲಿಯಾ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ ಎಂಬಂತಾದಳು. ಕಪ್ಪು ಸೀರೆ ಉಟ್ಟರೆ ಜನ ನಗುತ್ತಿದ್ದರು, ಬಣ್ಣದ್ದು ಉಟ್ಟರೂ ನಗುತ್ತಿದ್ದರು. ಒಬ್ಬ ಒಳ್ಳೆಯ ಮನುಷ್ಯ, ಹೆಂಡತಿ ಸತ್ತ ಹಂಚಿನ ಕಾರ್ಖಾನೆಯ ಮೇಸ್ತ್ರಿ, ಮದುವೆಯಾಗುತ್ತೇನೆಂದು ಮುಂದೆ ಬಂದ; ಗಂಡ ಸತ್ತಿದ್ದಾನೋ ಎಂದು ಪಾದ್ರಿ ಕೇಳಿದಾಗ ಅವಳು ಗೊತ್ತಿಲ್ಲ ಎಂದಳು, ಅವನು ಬೇರೆ ಕಡೆ ಮದುವೆಯಾದ. ಶಾಲೆಯಲ್ಲಿ ಮಕ್ಕಳು ಮಾಂಯ್‌ಯನ್ನು "ಬಸ್ರಾ" ಎಂದೇ ಕರೆಯುತ್ತಿದ್ದರು. ಗಂಡು ನೋಡಲು ಬಂದವರೂ ಮೊದಲು ಕೇಳುತ್ತಿದ್ದದ್ದು ಅದನ್ನೇ.

ನಮ್ಮ ಮನೆಗಳಲ್ಲಿ ಸಂಜೆ ತೇರ್ಸ್ ಎಂದು ಜಪಮಾಲೆಯ ಪ್ರಾರ್ಥನೆ ಇರುತ್ತದೆ. ಕೊನೆಗೆ ಮನೆಯ ಸತ್ತವರ ಆತ್ಮಗಳಿಗೆ ಒಂದೊಂದು ಪ್ರಾರ್ಥನೆ, ಪ್ರಯಾಣದಲ್ಲಿರುವವರಿಗೆ ಒಂದು. ನತಾಲಿಯಾ ಸಾಯುವ ತನಕ ಗಂಡನನ್ನು ಪ್ರಯಾಣದಲ್ಲಿರುವವರ ಜೊತೆಗೇ ಸೇರಿಸಿದಳು. ಆಮೇಲೆ ಮಾಂಯ್ ಹಾಗೆಯೇ ಮುಂದುವರಿಸಿದರು. ದೇರಾದ ಆ ಕೋಣೆಯಲ್ಲಿ ಸಂಜೆ ಮೊಣಕಾಲೂರಿ, ಬದುಕಿದ್ದರೆ ನೂರು ದಾಟಿರಬೇಕಾದ ಮನುಷ್ಯನ ಪ್ರಯಾಣ ಸುಖವಾಗಲಿ ಎಂದು ನಾವು ಮೂವರೂ ಬೇಡುತ್ತಿದ್ದೆವು. ನನಗೆ ನಗು ಬರುತ್ತಿತ್ತು, ಸತ್ಯ ಹೇಳುತ್ತೇನೆ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು: ಅಪ್ಪ ಸತ್ತನೋ, ತಾಯಿಯನ್ನೂ ತನ್ನನ್ನೂ ಬಿಟ್ಟು ಹೋದನೋ.

ಡಿಸೆಂಬರಿನ ಒಂದು ಶುಕ್ರವಾರ, ಆಗ ಅಲ್ಲಿ ವಾರದ ರಜೆ ಅವತ್ತೇ, ದುಬೈಯ ಇಗರ್ಜಿಯಲ್ಲಿ ಪೂಜೆಯ ಕೊನೆಗೆ ಎಂದಿನ ಪ್ರಕಟಣೆಗಳನ್ನು ಓದಿದರು. ಮಕ್ಕಳ ಕ್ಯಾರೊಲ್, ರಕ್ತದಾನ, ಆಮೇಲೆ ಇದು: ಯುದ್ಧದಲ್ಲಿ ಮುಳುಗಿದ ನಾರ್ವೆಯ ಸ್ಕಾರ್‌ವಿಕ್ ಹಡಗಿನವರ ನೆನಪಿಗೆ ಒಂದು ಊಟ ಇದೆ, ಆ ಹಡಗಿನಲ್ಲಿದ್ದ ಭಾರತೀಯರ ಮನೆಯವರು ಯಾರಾದರೂ ಇದ್ದರೆ ತಿಳಿಸಿ. ಮಾಂಯ್‌ಗೆ ಇಂಗ್ಲಿಷ್ ಬಾರದು. ಆದರೆ ಹಡಗಿನ ಹೆಸರು ಕಿವಿಗೆ ಬಿದ್ದದ್ದೇ ಅಷ್ಟು ಜನರ ನಡುವೆ ಎದ್ದು ನಿಂತರು. ಹಿಂದಿನವರು ಪೂಜೆ ಮುಗಿಯಿತೆಂದುಕೊಂಡು ಅವರೂ ಎದ್ದರು.

ಊಟ ಮುರಕ್ಕಬಾತ್‌ನ ಒಂದು ಹೋಟೆಲಿನಲ್ಲಿತ್ತು. ಬಂದವರೆಲ್ಲ ನಾರ್ವೆಯವರು, ಹದಿನೈದಿಪ್ಪತ್ತು ಜನ. ಭಾರತೀಯರೆಂದರೆ ನಾವು ಮಾತ್ರ. ವ್ಯವಸ್ಥೆ ಮಾಡಿದ್ದವಳು ಬೆರಿಟ್, ಅಬುಧಾಬಿಯ ಒಂದು ಎಣ್ಣೆ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ, ಐವತ್ತು ದಾಟಿದ ಹೆಂಗಸು. ಅವಳ ತಂದೆ ಆರ್ನೆ ಗಾಲಿಕುರ್ಚಿಯಲ್ಲಿದ್ದ, ಕೋಟಿನ ಮೇಲೆ ಪದಕಗಳು. ಸ್ಕಾರ್‌ವಿಕ್‌ನಲ್ಲಿದ್ದು ಇನ್ನೂ ಬದುಕಿದ್ದವನು ಅವನೊಬ್ಬನೇ. ಹಡಗು ಮುಳುಗುವಾಗ ಅವನಿಗೆ ಹದಿನೇಳು, ಊಟ ಬಡಿಸುವ ಕೆಲಸ. ಬೆರಿಟ್ ಒಂದು ಭಾಷಣ ಮಾಡಿದಳು. ಹಡಗಿಗೆ ಬೆಂಕಿ ಬಿದ್ದದ್ದು, ಒಂದು ದೋಣಿ ಸುಟ್ಟುಹೋದದ್ದು, ಇನ್ನೊಂದರಲ್ಲಿದ್ದವರು ಮಳೆಗಾಲದ ಸಮುದ್ರದಲ್ಲಿ ದಿನಗಟ್ಟಲೆ ತೇಲಿ ದಡ ಸೇರಿದ್ದು, ಯುದ್ಧ ಮುಗಿದ ಮೇಲೆ ಸ್ವಂತ ದೇಶವೇ ಇವರನ್ನು ಮರೆತದ್ದು. ಉಳಿಸಲು ಸಾಧ್ಯವಿದ್ದವರನ್ನೆಲ್ಲ ಉಳಿಸಿದರು ಎಂದಳು. ಎಲ್ಲರೂ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಮಾಂಯ್ ನನ್ನ ಸೊಂಟಕ್ಕೆ ತಿವಿದರು. "ಕೇಳು. ಅಪ್ಪ ಹೇಗೆ ಹೋದ ಅಂತ ಕೇಳು."

ನಾನು ಕೇಳಿದೆ. ಬೆರಿಟ್ ಮಾಂಯ್‌ಯ ಕೈ ಹಿಡಿದುಕೊಂಡು, ಅಡುಗೆಮನೆ ಹಡಗಿನ ಹಿಂಭಾಗದಲ್ಲಿತ್ತು, ಟಾರ್ಪೆಡೋ ಬಡಿದದ್ದೂ ಅಲ್ಲಿಗೇ, ಅಲ್ಲಿದ್ದವರಿಗೆ ನೋವು ಗೊತ್ತಾಗುವ ಮೊದಲೇ ಎಲ್ಲ ಮುಗಿದಿರುತ್ತದೆ ಎಂದಳು. ಆರ್ನೆ ತಟ್ಟೆಯಲ್ಲಿದ್ದ ಮೀನಿನ ಮುಳ್ಳು ಬಿಡಿಸುತ್ತಿದ್ದ. ಲಾಜರ್ ಎಂಬ ಹೆಸರು ಬಂದಾಗ ಅವನ ಚಮಚ ನಿಂತಿತು. ಅವನು ತಲೆ ಎತ್ತಲಿಲ್ಲ.

"ಇವಳೆಂತ ಹಡಗಿನಲ್ಲಿ ಇದ್ದಳಾ?" ಎಂದರು ಮಾಂಯ್ ನಗುಮುಖದಿಂದ, ಬೆರಿಟ್‌ಗೆ ಥ್ಯಾಂಕ್ಸ್ ಹೇಳುವವರ ಹಾಗೆ. "ಮುದುಕನಿಗೆ ಗೊತ್ತುಂಟು. ಅವನ ಬಾಯಿ ಬಿಡಿಸ್ಬೇಕು."

ಹೊರಡುವಾಗ ನಾನು ನರ್ಸ್ ಎಂದು ಬೆರಿಟ್‌ಗೆ ಗೊತ್ತಾಯಿತು. ತಂದೆ ಮಾರ್ಚ್ ತನಕ ತನ್ನ ಜೊತೆ ಇರುತ್ತಾರೆ, ತಾನು ಆಫೀಸಿಗೆ ಹೋದರೆ ನೋಡಿಕೊಳ್ಳಲು ಜನ ಇಲ್ಲ, ವಾರದ ದಿನಗಳಲ್ಲಿ ಬಂದು ಇರುತ್ತೀರಾ ಎಂದಳು. ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಮಾಂಯ್ ನನ್ನ ಪರವಾಗಿ ತಲೆಯಾಡಿಸಿ ಆಗಿತ್ತು. ಏನು ಕೇಳಿದಳೆಂದು ಆಮೇಲೆ ವಿಚಾರಿಸಿದರು.

ಹಾಗೆ ಆ ಚಳಿಗಾಲ ಪ್ರತಿ ಭಾನುವಾರ ಬೆಳಗ್ಗೆ ಅಬುಧಾಬಿಯ ಬಸ್ಸು ಹತ್ತಿದೆ. ಬೆರಿಟ್‌ಳ ಮನೆ ಎಲೆಕ್ಟ್ರಾ ಸ್ಟ್ರೀಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಎತ್ತರದ ಒಂದು ಕಟ್ಟಡದಲ್ಲಿತ್ತು. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಆರ್ನೆಯ ಮಂಚವನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿದ್ದರು. ಅವನಿಗೆ ಬೇರೆ ಸೋಪು ಆಗದು, ಊರಿನಿಂದ ತಂದ ಆ ಕಪ್ಪು ಸೋಪೇ ಬೇಕು. ದಿನಾ ಅದರಲ್ಲೇ ಮೈ ತೊಳೆಸುತ್ತಿದ್ದೆ. ಬಣ್ಣ ಮಾಸಿದ ನೀಲಿ ಕಣ್ಣು, ದೊಡ್ಡ ಮೂಳೆಗಳ ಮೈ. ಮರೆವು ಸ್ವಲ್ಪ ಇತ್ತು, ಬರುತ್ತಿತ್ತು, ಹೋಗುತ್ತಿತ್ತು. ಮಾತಿನಲ್ಲಿ ಮರ್ಯಾದೆಯ ಮನುಷ್ಯ. ಪ್ರತಿ ಚಮಚ ಗಂಜಿಗೂ ಥ್ಯಾಂಕ್ಯೂ.

ಮೊದಲ ವಾರದಲ್ಲೇ ಆದದ್ದು ಇದು. ಅವನನ್ನು ಮಗ್ಗುಲಿಗೆ ತಿರುಗಿಸಲು ಬಗ್ಗಿ, ಮಂಚದ ಪಕ್ಕದ ಕಂಬಿಯನ್ನು ಹಿಡಿದುಕೊಂಡೆ. ಅವನು ದಿಂಬಿನ ಬದಿಯಿಂದ ಬೆನ್ನು ಕೆರೆಯುವ ಮರದ ಕೋಲು ತೆಗೆದು ನನ್ನ ಬೆರಳುಗಳ ಮೇಲೆ ಹೊಡೆದ. ಮುದುಕರ ಪೆಟ್ಟಲ್ಲ, ಗುರಿಯಿಟ್ಟ ಪೆಟ್ಟು. ನಾನು ಕೈ ತೆಗೆದೆ. ಅವನು ಏನೂ ಆಗದವನಂತೆ ಗೋಡೆಯ ಕಡೆ ತಿರುಗಿದ. ಎರಡು ದಿನ ಬಿಟ್ಟು ಮರೆತು ಮತ್ತೆ ಹಿಡಿದೆ, ಮತ್ತೆ ಹೊಡೆದ. ಸಂಜೆ ಬೆರಿಟ್‌ಗೆ ಊದಿದ ಬೆರಳು ತೋರಿಸಿದೆ.

"ಕ್ಷಮಿಸಿ, ಹೇಳಲು ಮರೆತೆ. ಅಂಚು ಹಿಡಿಯಬೇಡಿ," ಎಂದಳು. "ಚಿಕ್ಕಂದಿನಲ್ಲಿ ನಮಗೂ ಹಾಗೇ. ಊಟದ ಮೇಜಿನ ಅಂಚಿಗೆ ಬೆರಳಿಟ್ಟರೆ ಚಮಚದಲ್ಲಿ ಬೀಳುತ್ತಿತ್ತು. ನಾವು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬೆಳೆದೆವು." ಹೀಗೆಂದು ನಕ್ಕಳು. ಯಾಕೆ ಎಂದು ತಂದೆಯನ್ನು ಯಾರೂ ಕೇಳಿರಲಿಲ್ಲವಂತೆ.

ಗುರುವಾರ ರಾತ್ರಿ ನಾನು ದೇರಾದ ಮನೆಗೆ ಬಂದರೆ ಚಪ್ಪಲಿ ಬಿಚ್ಚುವ ಮೊದಲೇ ಮಾಂಯ್‌ಯ ಪ್ರಶ್ನೆ. "ಎಂತ ಹೇಳಿದ?" ಏನೂ ಇಲ್ಲ ಎಂದರೆ ಮುಖ ತಿರುಗಿಸುವುದು. ಬೆರಳಿನ ಊತ ನೋಡಿ ಏನಾಯಿತೆಂದು ಕೇಳಲಿಲ್ಲ. ಆ ಕೈಯಲ್ಲಿ ಬಂಗುಡೆ ಸರಿಯಾಗಿ ಶುಚಿಯಾಗುವುದಿಲ್ಲವೆಂದು ತಾವೇ ಮಾಡಲು ಹೋದರು. ವೀಸಾ ಮುಗಿಯುತ್ತಾ ಬಂದಿತ್ತು. ಒಂದು ವಾರ "ನೀನು ಕೇಳುವುದೇ ಇಲ್ಲ, ಅಲ್ಲಿ ಹೋಗಿ ಮಲಗ್ತೀ" ಎಂದರು. ಆ ಮಾತು ನನ್ನನ್ನು ಕೆರಳಿಸಿತು. ಮುಂದಿನ ಭಾನುವಾರ ಕೇಳಿಯೇ ತೀರುತ್ತೇನೆ ಎಂದು ಹೋದೆ.

ಅಬುಧಾಬಿಯಲ್ಲಿ ಚಳಿಗಾಲದ ಕೆಲವು ಬೆಳಗ್ಗೆ ದಟ್ಟ ಮಂಜು ಬೀಳುತ್ತದೆ. ಆ ಮಂಗಳವಾರವೂ ಹಾಗೆ. ಕಿಟಕಿಯಾಚೆ ಸಮುದ್ರವೂ ಇಲ್ಲ, ಎದುರಿನ ಕಟ್ಟಡವೂ ಇಲ್ಲ. ಎಲ್ಲಿಂದಲೋ ಹಡಗಿನ ಕೊಂಬಿನ ಸದ್ದು ಬರುತ್ತಿತ್ತು. ಬೆರಿಟ್ ಇನ್ನೂ ಆಫೀಸಿಗೆ ಹೊರಟಿರಲಿಲ್ಲ, ರಸ್ತೆ ತಿಳಿಯಾಗಲಿ ಎಂದು ಕಾಯುತ್ತಾ ಹೊರಗಿನ ಕೋಣೆಯಲ್ಲಿದ್ದಳು. ಆರ್ನೆಗೆ ಅವತ್ತು ನೆನಪು ಸ್ಪಷ್ಟವಾಗಿತ್ತು. ಗಡ್ಡ ಹೆರೆಯುತ್ತಾ ಕೇಳಿದೆ, "ಲಾಜರ್ ನನ್ನ ಅತ್ತೆಯ ತಂದೆ. ಅವನು ಹೇಗೆ ಸತ್ತ?"

ಅವನು ಇನ್ನೊಂದು ಕೆನ್ನೆಯನ್ನು ನನ್ನ ಕಡೆ ತಿರುಗಿಸಿದ. ಹೇಳುವುದಿಲ್ಲ ಎಂದುಕೊಂಡೆ.

"ಅವನು ಅಡುಗೆಮನೆಯಲ್ಲಿ ಸಾಯಲಿಲ್ಲ," ಎಂದ ಆಮೇಲೆ. "ಈಜಿಕೊಂಡು ಬಂದ."

ನಾನು ರೇಜರು ಕೆಳಗಿಟ್ಟೆ. ಅವನು ನನ್ನನ್ನು ನೋಡದೆ ಹೇಳುತ್ತಾ ಹೋದ. ಉಳಿದದ್ದು ಒಂದೇ ದೋಣಿ, ಅದರಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ, ಅಂಚಿನ ಮಟ್ಟಕ್ಕೆ ನೀರು. ಆಮೇಲೂ ನಾಲ್ಕು ಜನ ಈಜಿ ಬಂದು ಅಂಚು ಹಿಡಿದರು. ಇನ್ನೊಬ್ಬ ಹತ್ತಿದರೂ ಎಲ್ಲರೂ ಹೋಗುತ್ತೇವೆ ಎಂದ ಅಧಿಕಾರಿ. ಅವನ ಕೈ ಸುಟ್ಟಿತ್ತು, ಉಳಿದವರು ಹುಟ್ಟು ಹಾಕುತ್ತಿದ್ದರು. ಚುಕ್ಕಾಣಿಯ ಕೋಲನ್ನು ಕಿತ್ತು ಇವನ ಕೈಗೆ ಕೊಟ್ಟ, ಬೆರಳಿಗೆ ಹೊಡೆ ಎಂದ.

"ಮೂವರು ಒಂದೇ ಪೆಟ್ಟಿಗೆ ಬಿಟ್ಟರು. ಅವರ ಮುಖವೂ ನನಗೆ ನೆನಪಿಲ್ಲ. ಲಾಜರ್ ಬಿಡಲಿಲ್ಲ. ಅವನಿಗೆ ನನ್ನ ಪರಿಚಯವಿತ್ತು. ಬೆಳಗ್ಗೆ ಬ್ರೆಡ್ಡು ಒಲೆಯಿಂದ ತೆಗೆದಾಗ ಮೊದಲ ತುಂಡು ನನಗೆ ಕೊಡುತ್ತಿದ್ದ. ನನ್ನ ಹೆಸರು ಹಿಡಿದು ಕರೆದ. ನಾನು ಹೊಡೆದೆ. ಆ ಕೈ ಹೋದಾಗ ಇನ್ನೊಂದು ಕೈಯಿಂದ ಹಿಡಿದ. ಅದಕ್ಕೂ ಹೊಡೆದೆ. ಬೆರಳು ಮುರಿದ ಮೇಲೆ ಮೊಣಕೈಯನ್ನು ಅಂಚಿಗೆ ಸಿಕ್ಕಿಸಿ ನೇತಾಡಿದ. ನೇತಾಡುತ್ತಾ ನನ್ನನ್ನು ನೋಡುತ್ತಿದ್ದ."

"ಎಷ್ಟು ಹೊತ್ತು?"

"ಅವನ ಕೈಲಾಗುವ ತನಕ." ಅವನು ಅಳುತ್ತಿರಲಿಲ್ಲ. "ಬೇಗ ಬಿಟ್ಟಿದ್ದರೆ ಅವನನ್ನೂ ಮರೆಯುತ್ತಿದ್ದೆ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ."

ಅವನ ಅರ್ಧ ಮುಖದಲ್ಲಿ ಸೋಪಿನ ನೊರೆ ಒಣಗುತ್ತಿತ್ತು. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ಎಂಬತ್ತು ದಾಟಿದ ಆ ಮನುಷ್ಯನ ಕೆನ್ನೆಗೆ. ಹೊಡೆಯಲಿಲ್ಲ. ಉಳಿದರ್ಧ ಗಡ್ಡ ಹೆರೆದು ಮುಖ ಒರೆಸಿದೆ. ಅವನು ಥ್ಯಾಂಕ್ಯೂ ಎಂದ. ತಿರುಗಿದರೆ ಬೆರಿಟ್ ಬಾಗಿಲಲ್ಲಿ ನಿಂತಿದ್ದಳು. ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು.

ಮಧ್ಯಾಹ್ನ ಅವಳು ಆಫೀಸಿಗೂ ಹೋಗದೆ ನನ್ನ ಬ್ಯಾಗು ತಾನೇ ಕೆಳಗೆ ತಂದಳು. ಇನ್ನು ಬರುವುದು ಬೇಡ, ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇನೆ ಎಂದಳು. "ನಿಮ್ಮ ಅತ್ತೆಗೆ ನಾನು ಅವತ್ತು ಹೇಳಿದ್ದೇ ಇರಲಿ. ಈ ವಯಸ್ಸಿನಲ್ಲಿ ಇದನ್ನು ತಿಳಿದು ಅವರಿಗೇನು ಸಿಗುತ್ತದೆ? ಅವರಿಗೆ ಒಳ್ಳೆಯದಾಗಲಿ ಎಂದು ಹೇಳುತ್ತಿದ್ದೇನೆ."

"ನಿಮಗೂ," ಎಂದೆ.

"ಹೌದು, ನನಗೂ," ಎಂದಳು. ಅವಳ ಮೇಲಿದ್ದ ಸಿಟ್ಟು ಅಲ್ಲಿಗೆ ಸ್ವಲ್ಪ ಇಳಿಯಿತು. ಆರ್ನೆಯನ್ನು ನಾನು ಮತ್ತೆ ನೋಡಲಿಲ್ಲ.

ವಿಲ್ಫಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರದ್ದೂ ಅದೇ ಮಾತು. "ಮಾಂಯ್‌ಗೆ ಬಿಪಿ ಉಂಟು ಮಾರಾಯ್ತಿ. ಒಂದೇ ಸಲಕ್ಕೆ ಹೋದ ಅಂತ ಹೇಳು, ಖಲಾಸ್." ಬಸ್ಸಿನಲ್ಲಿ ನಾನೂ ಹಾಗೆಯೇ ನಿಶ್ಚಯ ಮಾಡಿದೆ. ಎಷ್ಟು ಜಗಳವಾಡಿದರೂ ಮುದುಕಿ, ತಂದೆಯನ್ನೇ ನೋಡದವಳು. ಇದನ್ನು ಕೇಳಿ ಎದೆ ಒಡೆದುಕೊಂಡರೆ ಏನು ಗತಿ ಎಂದು ಹೆದರಿಕೆಯಾಯಿತು. ನೋವಾಗಲಿಲ್ಲವಂತೆ, ಗೊತ್ತಾಗಲೇ ಇಲ್ಲವಂತೆ ಎಂದು ಮನಸ್ಸಿನಲ್ಲೇ ಉರು ಹೊಡೆದೆ.

ವಾರದ ಮಧ್ಯೆ ನಾನು ಬಂದದ್ದನ್ನು ನೋಡಿ ಮಾಂಯ್ ಮಂಚದಿಂದ ಎದ್ದರು. ನಾನು ಉರು ಹೊಡೆದದ್ದನ್ನು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸುಳ್ಳು. ನೀನು ಕೇಳಿಯೇ ಇಲ್ಲ. ಅವರ ಎಸಿಯಲ್ಲಿ ಕೂತು ತಿಂದು, ಕೆಲಸ ಕೆಡಿಸಿಕೊಂಡು ಬಂದೆ. ನಿನಗೆ ಎಂತ, ನಿನ್ನ ಅಪ್ಪನಿಗೆ ಗೋರಿ ಉಂಟಲ್ಲ."

ನನ್ನ ಸಹನೆ ಅಲ್ಲಿಗೆ ಮುಗಿಯಿತು. ನಿಂತಲ್ಲೇ, ಬ್ಯಾಗು ಹೆಗಲಲ್ಲಿರುವಾಗಲೇ, ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಈಜಿ ಬಂದದ್ದು, ಕೋಲು, ಒಂದು ಕೈ, ಇನ್ನೊಂದು ಕೈ, ಮುರಿದ ಬೆರಳು, ಮೊಣಕೈ. ಸಿಟ್ಟಿನಲ್ಲೇ ಹೇಳಿದೆ, ಅವರಿಗೆ ನೋಯಲಿ ಎಂದೇ ಹೇಳಿದೆ. ಹೇಳಿ ಮುಗಿಸಿದ ಮೇಲೆ ನೀರಿನ ಬಾಟಲಿಯನ್ನೂ ಬಿಪಿಯ ಮಾತ್ರೆಯನ್ನೂ ಹುಡುಕಿದೆ.

ಮಾಂಯ್ ಮಂಚದ ತುದಿಯಲ್ಲಿ ಕೂತರು. "ಎರಡೂ ಕೈಯಿಂದ ಹಿಡಿದನಾ?" ಎಂದು ಕೇಳಿದರು.

"ಹೌದು."

"ಒಂದು ಹೋದ ಮೇಲೆ ಇನ್ನೊಂದಾ? ಮತ್ತೆ ಮೊಣಕೈ?"

"ಹೌದು ಮಾಂಯ್."

"ತೋರಿಸು."

ನಾನು ನೆಲದಲ್ಲಿ ಕೂತು ಮಂಚದ ಅಂಚಿಗೆ ಮೊಣಕೈ ಸಿಕ್ಕಿಸಿ ತೋರಿಸಿದೆ. ಅವರು ಬಗ್ಗಿ ಗಮನವಿಟ್ಟು ನೋಡಿದರು. ಆಮೇಲೆ ತಾವೂ ಕೆಳಗೆ ಕೂತು, ನನ್ನ ಪಕ್ಕದಲ್ಲೇ, ಹಾಗೆಯೇ ಹಿಡಿದು ನೋಡಿದರು. ಅವರ ಮುಖದಲ್ಲಿ ನಾನು ಹೆದರಿದ್ದು ಯಾವುದೂ ಕಾಣಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಹಾಗಾದ್ರೆ ಅವನು ಬರ್ಲಿಕ್ಕೆ ನೋಡಿದ್ದ," ಎಂದರು. "ಬೆರಳು ಮುರಿದ್ರೂ ಬರ್ಲಿಕ್ಕೆ ನೋಡಿದ್ದ."

ನಾವೆಲ್ಲ ಸೇರಿ ಮುಚ್ಚಿಡಲು ನೋಡಿದ ಆ ಘೋರವನ್ನು ಈ ಹೆಂಗಸು ಚಿನ್ನದ ಸರದಂತೆ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದಳು. ಸಂಜೆಯ ತೇರ್ಸ್‌ನಲ್ಲಿ ತಂದೆಯನ್ನು ಪ್ರಯಾಣದವರಿಂದ ತೆಗೆದು ಸತ್ತವರ ಜೊತೆ ಸೇರಿಸಿದರು, ಗಟ್ಟಿ ದನಿಯಲ್ಲಿ, ಪಕ್ಕದ ಕೋಣೆಗೆ ಕೇಳುವಂತೆ. ಕೆಳಗಿನ ಅಂಗಡಿಯ ಬ್ಯಾರಿಗೂ, ಅವನು ನಮ್ಮ ಕಡೆಯ ಮುಸ್ಲಿಮ, ಹೋಗಿ ಹೇಳಿ ಬಂದರು. ಅವನು ಪಾಪ, ಎದ್ದು ನಿಂತು, ತಂದೆ ಯಾವಾಗ ತೀರಿಕೊಂಡದ್ದೆಂದು ಕೇಳಿ, ಇವತ್ತು ನೀವು ಒಲೆ ಹಚ್ಚಬೇಡಿ ಎಂದು ಪರೋಟ ಕಟ್ಟಿಸಿ ಕಳಿಸಿದ. ತಂದೆಯ ಸಾವಿಗೆಂದು ಅವರ ಜನ್ಮದಲ್ಲಿ ಮೊದಲ ಸಲ ಒಬ್ಬರು ಸಂತಾಪ ಹೇಳಿದ್ದು ಅದು. ಪರೋಟವನ್ನು ಮಾಂಯ್ ಖುಷಿಯಿಂದ ತಿಂದರು.

ಆಮೇಲೆ ಊರಿಗೆ ಫೋನು ಹಚ್ಚಿಕೊಡು ಎಂದು ವಿಲ್ಫಿಯ ಬೆನ್ನು ಬಿದ್ದರು. ಬಸ್ರಾ ಎಂದು ಕರೆದವರಿಗೆಲ್ಲ ಹೇಳಬೇಕಿತ್ತು. ಒಂದೊಂದಾಗಿ ಮನೆಗಳಿಗೆ ಮಾಡಿದರು. ಒಬ್ಬಳು ಸತ್ತು ಎಂಟು ವರ್ಷವಾಗಿತ್ತು, ಮಾಂಯ್‌ಗೂ ಅದು ಗೊತ್ತಿತ್ತು, ಆದರೂ ಮಾಡಿದರು, ಮಗ ಫೋನು ತೆಗೆದು "ಯಾವ ಲಾಜರ್?" ಎಂದು ಕೇಳಿದ. ಇನ್ನೊಂದು ಮನೆಯಲ್ಲಿ ಮೊಮ್ಮಗಳು, ಅವಳಿಗೆ ಕೊಂಕಣಿಯೇ ಸರಿ ಬಾರದು. ಪಾದ್ರಿಗಳು ಬದಲಾಗಿ ಎಷ್ಟೋ ಕಾಲವಾಗಿತ್ತು. ಅಷ್ಟು ವರ್ಷ ಅವರನ್ನು ತಿಂದ ಮಾತು ಯಾರಿಗೂ ನೆನಪಿರಲಿಲ್ಲ. ಹೇಳಿದಷ್ಟೂ ಅವರ ದನಿ ಏರಿತು. ವಿಲ್ಫಿ ಸಾಕು ಎಂದರು, ಕೇಳಲಿಲ್ಲ.

ಕೊನೆಗೆ ಉಳಿದವಳು ಫ್ಲೇವಿಬಾಯಿ. ಊರಿನ ಮನೆಯಲ್ಲಿ ಇನ್ನೂ ಇದ್ದಳು, ತೊಂಬತ್ತು ದಾಟಿ, ಹಾಸಿಗೆ ಹಿಡಿದು. ಮೊಮ್ಮಗ ಫೋನನ್ನು ಅವಳ ಕಿವಿಗೆ ಹಿಡಿದ. ನಮ್ಮ ಕಡೆ ಸ್ಪೀಕರಿನಲ್ಲಿತ್ತು, ಅವಳ ಉಸಿರಾಟವೂ ಕೇಳುತ್ತಿತ್ತು.

"ಫ್ಲೇವಿಬಾಯಿ, ನಾನು ಸಿಸಿಲ್, ನತಾಲಿಯಾಳ ಮಗಳು," ಎಂದು ಮಾಂಯ್ ಕೂಗಿ ಹೇಳಿದರು. "ನನ್ನ ಅಪ್ಪ ಬಸ್ರಾಕ್ಕೆ ಹೋಗ್ಲಿಲ್ಲ. ಸಮುದ್ರದಲ್ಲಿ ಸತ್ತ. ದೋಣಿ ಹಿಡಿದಿದ್ದ, ಬೆರಳಿಗೆ ಹೊಡೆದು ಕೊಂದರಂತೆ. ಕೇಳಿತಾ ನಿಮಗೆ? ಹೊಡೆದು ಕೊಂದದ್ದು."

ಆ ಕಡೆಯಿಂದ ತೆಳ್ಳಗಿನ, ತುಂಬ ಮೆತ್ತಗಿನ ದನಿ ಬಂತು.

"ಹೌದಾ ಮಗಾ? ಅಯ್ಯೋ ಪಾಪ. ಓಡಿ ಹೋಗಿ ಮೊದಲು ನಿನ್ನ ಅಮ್ಮನಿಗೆ ಹೇಳು. ಬೆಳಗ್ಗಿಂದ ಗೇಟಿನ ಹತ್ತಿರ ಕೂತಿದ್ದಾಳೆ ಅವಳು."

ಮಾಂಯ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ವಿಲ್ಫಿ ಎದ್ದು ಹತ್ತಿರ ಹೋದರು.

"ಆಯ್ತು," ಎಂದರು ಮಾಂಯ್, ಸಣ್ಣ ಮಗುವಿನ ದನಿಯಲ್ಲಿ. "ಹೇಳ್ತೇನೆ."